ಮೋಟರ್ ಆಫ್ ಮಾಡಿ, ಕೈಯಾಗ ತಿರುಗಿಸಿ ನೋಡ್ರಿ

ನಮ್ಮ ಬಳ್ಳಾರಿಯಾಗ ಜೀನ್ಸ್ ಯೂನಿಟ್ ಯಾವ್ದಾದ್ರೂ ಮುಚ್ಚಿದ್ರೆ ಅಲ್ಲಿನ ಹೊಲಿಗಿ ಮಿಷಿನೆಲ್ಲ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಬಂದು ಬೀಳ್ತಾವ. ನಮ್ಮ ಅತ್ತಿಗಿ ಮನಿಯಾಗ ಕೂತು ಜೀನ್ಸ್ ಪೀಸ್ ಹೊಲೀತಾರ, ಮನಿ ಮಿಷಿನ್ನು ಡೆನಿಮ್ ನಾಲ್ಕು ಪದರ ಆದ ಜಾಗಕ್ಕ ಬಂದ್ರೆ ಸೂಜಿ ಮುರೀತಿತ್ತು, ಹಂಗಾಗಿ ಗಟ್ಟಿ ಹಳೇ ಮಿಷಿನ್ ಬೇಕು ಅಂತ ಕೌಲ್ ಬಜಾರಿನ ಮೆಕ್ಯಾನಿಕ್ ಚಾಚಾನ್ನ ಕರ್ಕೊಂಡು ಮೂವರೂ ಹೋದ್ವಿ.

ಅಂಗಡಿಯವರು ಮೊದ್ಲು ತೋರ್ಸಿದ್ದು ಹಸಿರು ಬಣ್ಣದ್ದು, ಮಿರಮಿರ ಮಿಂಚ್ತಿತ್ತು, ಸ್ವಿಚ್ ಹಾಕಿ ಜೋರಾಗಿ ಓಡಿಸೂ ಓಡಿಸಿದ್ರು. ಚಾಚಾ "ಮೋಟರ್ ಬಂದ್ ಮಾಡ್ರಿ, ಬೆಲ್ಟ್ ತೆಗೀರಿ" ಅಂದ್ರು. ವೀಲ್ ಕೈಲೆ ನಮ್ಮ ಕಡಿಗೆ ನಿಧಾನಕ್ಕ ತಿರುಗಿಸಿದ್ರೆ ಒಂದು ಸುತ್ತಿನಾಗ ಒಂದೇ ಕಡೆ ಬಿಗಿ ಹಿಡೀತು. ಸೂಜಿ ಕಂಬಿ ಹಿಡಿದು ಅಲ್ಲಾಡ್ಸಿದ್ರೆ ಪಕ್ಕಕ್ಕೂ ಆಡ್ತಿತ್ತು, ಕಂಬಿ ಓಡಾಡೋ ಕೊಳವಿ, ಅಂದ್ರೆ ಬುಷ್, ಸವೆದೈತಿ ಅಂತ ಅದ್ರ ಅರ್ಥ. ಮೋಟರ್ ಸದ್ದಿನಾಗ ಇದ್ಯಾವ್ದೂ ಗೊತ್ತೇ ಆಗಂಗಿಲ್ಲ ನೋಡ್ರಿ.

ಮೂಲ್ಯಾಗ ಧೂಳು ಹಿಡಿದು ಕೂತಿದ್ದು ಕರಿ ಸಿಂಗರ್ 31ಕೆ20. ಆ ಕೆ ಅಂದ್ರೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಾಗಿದ್ದ ಕಿಲ್ಬೋವಿ ಫ್ಯಾಕ್ಟರಿ, ಅದು 1980ರಾಗ ಮುಚ್ಚಿತು, ಹಂಗಾದ್ರೆ ಈ ಮಿಷಿನ್ನು ಅದಕ್ಕಿಂತ ಹಳೇದು ಅನ್ನೋದು ಖಾತ್ರಿ. ಹಳೇದು ಅಂತ ಹೇಳಿ ತಗಳ್ಳಾಕ ಆಗಲ್ಲ ಬಿಡ್ರಿ. ಚಾಚಾ ಅಡಿ ಪ್ಲೇಟ್ ಬಿಚ್ಚಿ ಟಾರ್ಚ್ ಬಿಟ್ಟು ಶಟಲ್ ಮೂತಿಗೆ, ಅಂದ್ರೆ ಮ್ಯಾಲಿನ ದಾರ ಹಿಡಿಯೋ ಕೊಕ್ಕಿಯ ಚೂಪು ತುದಿಗೆ, ಉಗುರು ಎಳೆದು ನೋಡಿದ್ರು, ಅಲ್ಲಿ ಒಂದ್ಚೂರು ಮುಳ್ಳೆದ್ದಿದ್ರೂ ದಾರ ಕಟ್ ಆಗ್ತದ. ಅಲ್ಲೇನೂ ಇರ್ಲಿಲ್ಲ. ಸೂಜಿ ಪೂರ್ತಿ ಕೆಳಗಿಳಿದು ಸ್ವಲ್ಪ ಮ್ಯಾಲೆ ಏಳೋ ಹೊತ್ತಿಗೆ ಶಟಲ್ ಮೂತಿ ಸೂಜಿ ಕಣ್ಣಿನ ತುಸು ಮ್ಯಾಲೆ ಹಾಯ್ದು ಹೋಗ್ಬೇಕು, ಸವರಿದಂಗ ಇರ್ಬೇಕು ಆದ್ರೆ ತಾಗಬಾರ್ದು, ಅದನ್ನ ವೀಲ್ ತಿರುಗಿಸ್ತಾ ಅತ್ತಿಗಿಗೂ ತೋರ್ಸಿದ್ರು. ಪ್ಲೇಟಿನ ತೂತು ಗುಂಡಗೇ ಇತ್ತು, ಬಟ್ಟಿ ಮುಂದಕ್ಕ ತಳ್ಳೋ ಹಲ್ಲು ಮಾತ್ರ ಚೂರು ಮೊಂಡಾಗಿತ್ತು, "ಹಲ್ಲು ಬದ್ಲಿ ಮಾಡ್ಬಹುದು ಬೇಟಿ, ಶಾಫ್ಟ್ ಸವೆದಿದ್ರೆ ಕಷ್ಟ" ಅಂದ್ರು.

ಅತ್ತಿಗಿ ಬ್ಯಾಗಿನಾಗಿಂದ ತಾವೇ ತಂದಿದ್ದ ಡೆನಿಮ್ ತುಂಡು ತೆಗೆದು ಮಡಚಿ ಫೂಟ್ ಕೆಳಗ ಇಟ್ರು. ಈ ಉಪಾಯ ನಂಗೆ ಭಾಳ ಇಷ್ಟ ಆತು, ಯಾಕಂದ್ರ ಅಂಗಡಿಯವರು ಟೆಸ್ಟಿಗೆ ಕೊಡೋದು ತೆಳು ಕಾಟನ್ನು, ಅದರ ಮ್ಯಾಲೆ ಎಂಥ ಮಿಷಿನ್ನೂ ಚಂದ ಹೊಲೀತದ. ನಾಲ್ಕು ಪದರ ಏರಿ ಇಳೀತು, ಹೊಲಿಗಿ ಬಿಡ್ಲಿಲ್ಲ, ತಿರುವಿ ನೋಡಿದ್ರೆ ಕೆಳಗಿನ ದಾರಾನೂ ಗಂಟಿಲ್ದಂಗ ಸಾಪಾಗಿತ್ತು. ಆಮೇಲೆ ಮೋಟರ್ ನೋಡಿದ್ರೆ ಯೂನಿಟ್‌ನಾಗ ಇದ್ದ ತ್ರೀ ಫೇಸ್ ಕ್ಲಚ್ ಮೋಟರ್, ಮನಿ ಲೈನಿಗೆ ಅದು ಆಗಂಗಿಲ್ಲ. ಅದನ್ನ ಅಲ್ಲೇ ಬಿಟ್ಟು, ಅರ್ಧ ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಕೂಡಿಸಿ ಕೊಡಬೇಕು ಅಂತ ರೇಟು ಕುದುರಿಸಿ, ಟೇಬಲ್ ಸಮೇತ ಆಟೋದಾಗ ಹಾಕ್ಕೊಂಡು ಬಂದ್ವಿ.