ಬಲೆಯ ಗೋಡೆಗಳ ಒಳಗಿನ ಊಟ

ಬಯಲಿನಲ್ಲಿ ಶಿಬಿರ ಹೂಡಿದಾಗಲೆಲ್ಲ ಸಂಜೆಯ ಊಟಕ್ಕೆ ಸೊಳ್ಳೆಗಳ ಕಾಟ ತಪ್ಪದೆ ಬೇಸತ್ತ ಮೇಲೆ, ನಾಲ್ಕು ಕಡೆಯೂ ಬಲೆಯ ಗೋಡೆಯಿರುವ, ಮಡಚಿ ಒಯ್ಯಬಹುದಾದ ಟೆಂಟೊಂದನ್ನು ನಾನು ಬಳಸತೊಡಗಿದೆ. ಮೊದಲು ನೋಡಬೇಕಾದದ್ದು ಬಲೆಯ ಕಣ್ಣಿನ ಗಾತ್ರವನ್ನು. ಸೊಳ್ಳೆಯನ್ನು ತಡೆಯುವ ಬಲೆಯಲ್ಲಿಯೂ ಕಚ್ಚುವ ಸಣ್ಣ ನೊರಜುಗಳು ನುಸುಳಬಲ್ಲವು, ಆದರೆ ಕಣ್ಣು ಕಿರಿದಾದಷ್ಟೂ ಗಾಳಿಯಾಟ ಕುಗ್ಗುತ್ತದೆ. ಇಂಥ ಹಲವು ಟೆಂಟುಗಳಿಗೆ ತಳಹಾಸು ಇರುವುದಿಲ್ಲವಾದ್ದರಿಂದ, ಬಲೆಯ ಅಂಚನ್ನು ನೆಲದ ಮೇಲೆ ಹರಡಿ ಕಲ್ಲು ಹೇರದಿದ್ದರೆ (ಮೊದಲ ಸಲ ನಾನು ಹೇರಿರಲಿಲ್ಲ) ಕೀಟಗಳು ಕೆಳಗಿನಿಂದಲೇ ಒಳಬರುತ್ತವೆ. ಒಲೆಯನ್ನು ಮಾತ್ರ ಎಂದೂ ಒಳಗೆ ಹಚ್ಚಬಾರದು. ಪಾಲಿಯೆಸ್ಟರ್ ಬಲೆಗೆ ಕಿಡಿ ತಗುಲಿದರೆ ಅದು ಕರಗಿ ತೂತಾಗುತ್ತದೆ. ಮಳೆಯೆಂದು ಬದಿಯ ಪರದೆಗಳನ್ನು ಇಳಿಬಿಟ್ಟಿದ್ದರೆ ವಾಸನೆಯೇ ಇಲ್ಲದ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬಿಕೊಳ್ಳಬಹುದು. ಆದ್ದರಿಂದ ಅಡುಗೆಯನ್ನು ಹೊರಗೇ ಮುಗಿಸಿ, ಪಾತ್ರೆಗಳನ್ನಷ್ಟೇ ಒಳಗೆ ತರುತ್ತೇನೆ.