ಮಿಲಾಗ್ರಿಸ್ ಇಗರ್ಜಿ ಮತ್ತು ಹೆಸರು ಉಳಿಯದ ಗುರಿಕಾರರು

ಮಂಗಳೂರಿನ ಹಂಪನಕಟ್ಟೆಯಿಂದ ಫಳ್ನೀರ್ ಕಡೆಗೆ ಹೊರಟವರಿಗೆಲ್ಲ ಮಿಲಾಗ್ರಿಸ್ ಇಗರ್ಜಿಯ ಪರಿಚಯವಿರುತ್ತದೆ. ಪವಾಡಗಳ ಮಾತೆಗೆ ಸಮರ್ಪಿತವಾದ ಈ ಧರ್ಮಕೇಂದ್ರದ ಚರಿತ್ರೆಯನ್ನು ಬರೆದವರೆಲ್ಲ ಬಿಷಪರ, ವಿಗಾರರ (ಧರ್ಮಕೇಂದ್ರದ ಮುಖ್ಯ ಗುರುಗಳ) ಮತ್ತು ಕಟ್ಟಡದ ಕಥೆಯನ್ನೇ ಹೆಚ್ಚಾಗಿ ಬರೆದಿದ್ದಾರೆ. ಅದೆಲ್ಲ ಅಗತ್ಯವಾದದ್ದೇ. ಆದರೆ ಇದೇ ಧರ್ಮಕೇಂದ್ರದ ಒಂದು ವಾಳೆಯಲ್ಲಿ (ವಾರ್ಡಿನಲ್ಲಿ) ಬೆಳೆದ ನನಗೆ, ಇಗರ್ಜಿಯನ್ನು ಮೂರು ಶತಮಾನಗಳಿಗೂ ಮಿಕ್ಕಿ ಉಳಿಸಿಕೊಂಡು ಬಂದವರಲ್ಲಿ ಯಾವ ಫಲಕದ ಮೇಲೂ ಹೆಸರಿಲ್ಲದ ಗುರಿಕಾರರ, ಅಂದರೆ ವಾಳೆಯ ಮುಖಂಡರ, ಪಾಲು ದೊಡ್ಡದೆಂದು ಅನ್ನಿಸುತ್ತದೆ.

ಇಗರ್ಜಿ ಸ್ಥಾಪನೆಯಾದದ್ದು 1680ರಲ್ಲಿ. ಮಂಗಳೂರಿನಲ್ಲಿ ಆಗಲೇ 1568ರ ರೊಸಾರಿಯೊ ಇಗರ್ಜಿಯಿತ್ತು. ಅದು ಪೋರ್ಚುಗೀಸರ ಆಶ್ರಯದಲ್ಲಿ, ಗೋವಾದ ಆರ್ಚ್‌ಬಿಷಪರ ಅಧೀನದಲ್ಲಿ ನಡೆಯುತ್ತಿತ್ತು. ಪೂರ್ವದೇಶಗಳ ಇಗರ್ಜಿಗಳ ಮೇಲೆ ಪೋರ್ಚುಗಲ್ಲಿನ ದೊರೆಗಿದ್ದ ಹಕ್ಕಿಗೂ, ತಾನೇ ನೇರವಾಗಿ ಧರ್ಮಾಧ್ಯಕ್ಷರನ್ನು ಕಳುಹಿಸಬೇಕೆಂಬ ರೋಮಿನ ನಿಲುವಿಗೂ ತಿಕ್ಕಾಟ ನಡೆದಿದ್ದ ಕಾಲವದು. ರೋಮ್ ಕಳುಹಿಸಿದ ಬಿಷಪ್ ಥೋಮಸ್ ದೆ ಕಾಸ್ತ್ರೊ ಗೋವಾದ ದಿವಾಡಿ ದ್ವೀಪದವರು, ಥಿಯಾಟಿನ್ ಎಂಬ ಕ್ಯಾಥೋಲಿಕ್ ಗುರುಗಳ ಸಭೆಗೆ ಸೇರಿದವರು. ಪೋರ್ಚುಗೀಸರ ಕಡೆಯಿಂದ ಮನ್ನಣೆ ಸಿಗದಿದ್ದ ಅವರಿಗೆ ಇಗರ್ಜಿ ಕಟ್ಟಲು ಜಾಗ ಕೊಟ್ಟವಳು ಕೆಳದಿಯ ರಾಣಿ ಚೆನ್ನಮ್ಮ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ನೀಡಿದವಳೆಂದು ಕನ್ನಡಿಗರೆಲ್ಲ ಅರಿತಿರುವ ಆ ವೀರಶೈವ ರಾಣಿಯೇ ಈಕೆ. ಗೋವಾದಿಂದ ವಲಸೆ ಬಂದ ಕೊಂಕಣಿ ಕ್ರೈಸ್ತರು ಒಳ್ಳೆಯ ಬೇಸಾಯಗಾರರಾಗಿದ್ದು, ಅವರು ಗದ್ದೆ ಮಾಡಿದರೆ ಕೆಳದಿಯ ಬೊಕ್ಕಸಕ್ಕೂ ಲಾಭವಿತ್ತು. ಹಾಗೆಂದ ಮಾತ್ರಕ್ಕೆ ಆ ಔದಾರ್ಯದ ತೂಕ ಕಡಿಮೆಯಾಗುವುದಿಲ್ಲ. ನಮ್ಮ ಮಕ್ಕಳಿಗೆ ಧರ್ಮೋಪದೇಶದ ತರಗತಿಯಲ್ಲಿ ಸಂತರ ಚರಿತ್ರೆಯ ಜೊತೆಗೆ ಚೆನ್ನಮ್ಮನ ಈ ಕೊಡುಗೆಯನ್ನೂ ಹೇಳಿಕೊಡಬೇಕೆಂಬುದು ನನ್ನ ಬಹುಕಾಲದ ಆಸೆ. 1684ರಲ್ಲಿ ತೀರಿಕೊಂಡ ಬಿಷಪರನ್ನು ಇಲ್ಲಿಯೇ ಮಣ್ಣುಮಾಡಿದರು.

ಎರಡನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ ಕರಾವಳಿಯ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಸಂಶಯದಿಂದ ಟಿಪ್ಪು ಸುಲ್ತಾನನು 1784ರಲ್ಲಿ ಅವರನ್ನು ಸೆರೆಹಿಡಿಸಿ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಹಲವು ಇಗರ್ಜಿಗಳೊಂದಿಗೆ ಮಿಲಾಗ್ರಿಸ್ ಕೂಡ ನೆಲಸಮವಾಯಿತು. 1799ರಲ್ಲಿ ಬಿಡುಗಡೆಯಾಗಿ, ಬದುಕುಳಿದು ಹಿಂದಿರುಗಿದವರಿಗೆ ಊರಿನಲ್ಲಿ ಇಗರ್ಜಿ ಉಳಿದಿರಲಿಲ್ಲ, ಗದ್ದೆಗಳು ಬೇರೆಯವರ ಕೈಯಲ್ಲಿದ್ದವು, ಧರ್ಮಗುರುಗಳಂತೂ ಬೆರಳೆಣಿಕೆಯಷ್ಟಿದ್ದರು. 1811ರಲ್ಲಿ ಹೊಸ ಇಗರ್ಜಿ ಎದ್ದಿತು. ಅದರ ಮುಂಭಾಗವು 1911ರಲ್ಲಿ ಕುಸಿದುಬಿದ್ದ ಬಳಿಕ ಈಗಿನ ಕಟ್ಟಡವನ್ನು ಕಟ್ಟಿದರು.

1799ಕ್ಕೂ 1811ಕ್ಕೂ ನಡುವಿನ ವರ್ಷಗಳನ್ನು ನಾವು ಒಂದೇ ಸಾಲಿನಲ್ಲಿ ದಾಟಿಬಿಡುತ್ತೇವೆ. ಕರಾವಳಿಯ ಕ್ರೈಸ್ತ ಸಮಾಜದಲ್ಲಿ ವಾಳೆಗೊಬ್ಬ ಗುರಿಕಾರನಿರುವ ಪದ್ಧತಿ ಬಹಳ ಹಳೆಯದು. ಗುರಿಕಾರನೆಂದರೆ ಮದುವೆಯ ಮಾತುಕತೆಗೆ ಹಿರಿಯ, ಜಗಳಕ್ಕೆ ಪಂಚಾತಿಗೆದಾರ, ಸಾವಿನ ಮನೆಗೆ ಮೊದಲು ಬರುವವ, ಇಗರ್ಜಿಯ ವಂತಿಗೆಗೆ ಹೊಣೆಗಾರ. ಗುರುಗಳೇ ಇಲ್ಲದ ಊರುಗಳಲ್ಲಿ ಯಾರ ಮಗುವಿಗೆ ದೀಕ್ಷಾಸ್ನಾನವಾಗಬೇಕಿದೆ, ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ ಎಂಬುದನ್ನು ಬಲ್ಲವರು ಇಂಥ ಹಿರಿಯರಲ್ಲದೆ ಬೇರೆ ಯಾರು ಇದ್ದಾರು? ಚದುರಿಹೋದ ಮನೆಗಳು ಮತ್ತೆ ಒಂದು ಧರ್ಮಕೇಂದ್ರವಾದದ್ದರಲ್ಲಿ ಅವರ ಶ್ರಮವಿದೆ ಎಂದು ನಾನು ದೃಢವಾಗಿ ನಂಬುತ್ತೇನೆ.

ಈಗ ಗುರಿಕಾರರನ್ನು ವಾಳೆಯವರು ಚುನಾಯಿಸುತ್ತಾರೆ. ಮಹಿಳೆಯರೂ ಆ ಸ್ಥಾನಕ್ಕೆ ಬರುತ್ತಿದ್ದಾರೆ. ಪಾಲನಾ ಪರಿಷತ್ತಿನಲ್ಲಿ ಅವರಿಗೆ ಸ್ಥಾನವಿರುತ್ತದೆ. ಅವರ ಕೆಲಸದ ಬೆಲೆ ಗೊತ್ತಾಗಬೇಕಾದರೆ ಒಂದು ಸಾವಿನ ಮನೆಯನ್ನು ನೋಡಬೇಕು. ಮಕ್ಕಳು ದುಬೈಯಿಂದಲೋ ಟೊರೊಂಟೊದಿಂದಲೋ ಹೊರಟಿರುತ್ತಾರೆ, ಮನೆಯಲ್ಲಿ ವಯಸ್ಸಾದ ಹೆಂಡತಿ ಒಬ್ಬರೇ ಇರುತ್ತಾರೆ. ವಿಗಾರರಿಗೆ ತಿಳಿಸುವುದು, ವಾಳೆಯ ವಾಟ್ಸ್ಆಪ್ ಗುಂಪಿಗೆ ಸುದ್ದಿ ಹಾಕುವುದು, ಶವಾಗಾರದಲ್ಲಿ ಜಾಗ ಕೇಳುವುದು, ಸಮಾಧಿ ತೋಡಿಸುವುದು, ರಾತ್ರಿ ಜಪಸರಕ್ಕೆ ನೆರೆಯವರನ್ನು ಸೇರಿಸುವುದು, ಆ ತಾಯಿಗೆ ಒಂದು ಲೋಟ ಗಂಜಿ ಕುಡಿಸಲು ಯಾರನ್ನಾದರೂ ಒಪ್ಪಿಸುವುದು ಎಲ್ಲವೂ ಗುರಿಕಾರರ ಹೆಗಲಿಗೇ ಬೀಳುತ್ತದೆ. ಮರುದಿನ ಅವರು ತಮ್ಮ ನೌಕರಿಗೆ ಎಂದಿನಂತೆ ಹೋಗುತ್ತಾರೆ.

ಧರ್ಮಕೇಂದ್ರದ ಕೂಡುಬಾಳು ತುಂಬಿ ಕಾಣುವುದು ಸೆಪ್ಟೆಂಬರ್ 8ರ ಮೊಂತಿ ಫೆಸ್ತಿನಲ್ಲಿ. ಕನ್ಯಾ ಮರಿಯಮ್ಮನ ಹುಟ್ಟುಹಬ್ಬವೂ ಹೊಸ ತೆನೆಯ ಹಬ್ಬವೂ ಒಂದಾದ ದಿನವಿದು. ನೇತ್ರಾವತಿಯ ದಡದಲ್ಲಿರುವ ಫರಂಗಿಪೇಟೆಯ ಮೊಂತೆ ಮರಿಯಾನೊದಲ್ಲಿ 1763ರಲ್ಲಿ ಫಾದರ್ ಜೋಕಿಂ ಮಿರಾಂದಾ ಈ ಆಚರಣೆಯನ್ನು ಆರಂಭಿಸಿದರೆಂಬುದು ಪರಂಪರೆ. ಒಂಬತ್ತು ದಿನಗಳ ನೊವೆನಾದಲ್ಲಿ ಮಕ್ಕಳು ತಟ್ಟೆಗಳಲ್ಲಿ ಹೂ ತಂದು ಬಾಲಮಾತೆಯ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ತೆನೆಗಳನ್ನು ಆಶೀರ್ವದಿಸಿ ಮೆರವಣಿಗೆಯಲ್ಲಿ ತರುತ್ತಾರೆ. ಮನೆಮನೆಗೆ ತೆನೆ, ಮಕ್ಕಳ ಕೈಗೆ ಕಬ್ಬು. ಮಿಲಾಗ್ರಿಸ್ ಇಂದು ಪೇಟೆಯ ಧರ್ಮಕೇಂದ್ರ, ಸುತ್ತ ಗದ್ದೆಯೇ ಇಲ್ಲ, ತೆನೆಯನ್ನು ಹಳ್ಳಿಯಿಂದ ತರಿಸಬೇಕು. ಆದರೂ ತೆನೆಯಿಲ್ಲದ ಮೊಂತಿ ಫೆಸ್ತನ್ನು ಯಾರೂ ಊಹಿಸಿಕೊಳ್ಳಲಾರರು.

ಮನೆಯಲ್ಲಿ ಅಲ್ತಾರದ ಮುಂದೆ ಮೊಂಬತ್ತಿ ಹಚ್ಚಿ ಪ್ರಾರ್ಥಿಸಿದ ನಂತರ, ಭತ್ತದ ಸಿಪ್ಪೆ ಸುಲಿದು, ಅಕ್ಕಿಯನ್ನು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಮತ್ತೆ ಬಾಳೆ ಎಲೆಯ ಊಟ: ಮೀನು ಮಾಂಸವಿಲ್ಲ, ಪದಾರ್ಥಗಳ ಲೆಕ್ಕ ಬೆಸ ಸಂಖ್ಯೆಯಲ್ಲೇ ಇರಬೇಕು, ಕೆಸುವಿನ ದಂಟು, ಹರಿವೆ, ಬೆಂಡೆ, ಅಲಸಂಡೆ, ಹೀರೆ ಇರಲೇಬೇಕು. ಬರಲಾಗದ ಮಕ್ಕಳಿಗೆಂದು ನಾಲ್ಕು ಕಾಳು ಭತ್ತವನ್ನು ಲಕೋಟೆಯಲ್ಲಿಟ್ಟು ಪರದೇಶಕ್ಕೆ ಕಳುಹಿಸುವ ಮನೆಗಳು ಈಗಲೂ ಇವೆ. ಮುದುಕರಿದ್ದು ತೆನೆ ಒಯ್ಯಲಾರದ ಮನೆಗೆ ಅದನ್ನು ಮುಟ್ಟಿಸುವವರೂ ಹೆಚ್ಚಾಗಿ ವಾಳೆಯ ಗುರಿಕಾರರೇ.

ಇಗರ್ಜಿಯ ದಾಖಲೆ ಪುಸ್ತಕಗಳಲ್ಲಿ ದೀಕ್ಷಾಸ್ನಾನ, ಮದುವೆ, ಮರಣಗಳು ಶಿಸ್ತಿನಿಂದ ನಮೂದಾಗುತ್ತವೆ. ಗುರಿಕಾರರಿಗಾಗಿ ಮಾತ್ರ ಅಂಥ ಪುಸ್ತಕವಿಲ್ಲ. ಪ್ರತಿ ವಾಳೆಯವರೂ ತಮ್ಮ ಹಿರಿಯರನ್ನು ಕೇಳಿ, ನೆನಪಿನಲ್ಲಿರುವಷ್ಟು ಹೆಸರುಗಳನ್ನು, ಅವರು ದುಡಿದ ಕಾಲವನ್ನು ಬರೆದು ವಿಗಾರರಿಗೆ ಒಪ್ಪಿಸಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಎಂಬತ್ತು ದಾಟಿದವರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರಿಗೆ ಅವರ ಅಜ್ಜಂದಿರ ಕಾಲದ ಗುರಿಕಾರರ ಹೆಸರುಗಳೂ ನೆನಪಿರಬಹುದು, ಈ ವರ್ಷದ ನೊವೆನಾ ಮುಗಿಯುವುದರೊಳಗೆ ಅವರ ಮನೆಗಳಿಗೆ ಹೋಗಿ ಕೇಳೋಣ.