ದೊಡ್ಡ ಆಟಗಾರನಾಗಿರದೆ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಹೆಡ್ ಕೋಚ್ ಆಗಬಹುದೇ?

ಮಾರ್ಚ್ ಬಂದು ಅಮೆರಿಕದ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ ನಡೆಸುವ ಟೂರ್ನಿಯ ತಂಡಗಳ ಪಟ್ಟಿ ಹೊರಬಿದ್ದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಅಲ್ಲಿ ಎಂಎಸ್ ಮಾಡುತ್ತಿರುವ ಹುಡುಗರು ಕೇಳುತ್ತಾರೆ, ಇಲ್ಲಿ ಕ್ಲಬ್ಬುಗಳಲ್ಲಿ ಮಕ್ಕಳಿಗೆ ಆಟ ಕಲಿಸುವವರೂ ಕೇಳುತ್ತಾರೆ. ಉತ್ತರ: ಆಗಬಹುದು. ಆದರೆ ಆಟದ ತಿಳಿವಳಿಕೆ ಒಂದೇ ಸಾಲದು. ಯಾರ ಕೈಕೆಳಗೆ ಪಳಗಿದಿರಿ, ಹೆಡ್ ಕೋಚ್ ಆಗಿ ಮೊದಲ ಕೆಲಸ ಎಲ್ಲಿ ಒಪ್ಪಿಕೊಂಡಿರಿ ಎಂಬ ಎರಡು ಸಂಗತಿಗಳೇ ಮುಕ್ಕಾಲು ಪಾಲು ಹಣೆಬರಹ ಬರೆಯುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಡಸ್ಟಿ ಮೇ ಅವರ ದಾರಿ ನೋಡಿ. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಬಾಬ್ ನೈಟ್ ಕೋಚ್ ಆಗಿದ್ದಾಗ ಮೇ ಅಲ್ಲಿ ಸ್ಟೂಡೆಂಟ್ ಮ್ಯಾನೇಜರ್ ಆಗಿದ್ದರು. ಬೆವರು ಬಿದ್ದ ನೆಲ ಒರೆಸುವುದು, ಟವೆಲ್ ನೀರು ಹೊಂದಿಸುವುದು, ಶೂಟಿಂಗ್ ಮಾಡುವವನಿಗೆ ಚೆಂಡು ಹಿಡಿದು ಹಿಡಿದು ಕೊಡುವುದು, ವಿಡಿಯೊ ಸಿದ್ಧಪಡಿಸುವುದು ಮ್ಯಾನೇಜರ್‌ಗಳ ಕೆಲಸ. ಅಲ್ಲಿಂದ ವಿಡಿಯೊ ಮತ್ತು ಕಚೇರಿ ಕೆಲಸ, ಆಮೇಲೆ ಈಸ್ಟರ್ನ್ ಮಿಶಿಗನ್, ಮರ್ರೆ ಸ್ಟೇಟ್, ಯುಎಬಿ (ಅಲಬಾಮಾ ವಿಶ್ವವಿದ್ಯಾಲಯ, ಬರ್ಮಿಂಗ್‌ಹ್ಯಾಮ್), ಲೂಯಿಸಿಯಾನಾ ಟೆಕ್‌ಗಳಲ್ಲಿ ಅಸಿಸ್ಟೆಂಟ್ ಕೋಚ್. ಲೂಯಿಸಿಯಾನಾ ಟೆಕ್‌ನಲ್ಲಿ ಹೆಡ್ ಕೋಚ್ ಆಗಿದ್ದ ಮೈಕ್ ವೈಟ್ 2015ರಲ್ಲಿ ಫ್ಲಾರಿಡಾಕ್ಕೆ ಹೋದಾಗ ಮೇ ಅವರನ್ನೂ ಕರೆದುಕೊಂಡು ಹೋದರು. 2018ರಲ್ಲಿ ಫ್ಲಾರಿಡಾ ಅಟ್ಲಾಂಟಿಕ್‌ಗೆ ಹೆಡ್ ಕೋಚ್, 2023ರಲ್ಲಿ ಆ ತಂಡ ಫೈನಲ್ ಫೋರ್‌ಗೆ, ಅಂದರೆ ಎನ್‌ಸಿಎಎ ಟೂರ್ನಿಯ ಸೆಮಿಫೈನಲ್‌ಗೆ, 2024ರಲ್ಲಿ ಮಿಶಿಗನ್‌ನಿಂದ ಕರೆ. ಹೆಡ್ ಕೋಚ್ ಬೇರೆ ಕಡೆ ಹೊರಟಾಗ ನಂಬಿಕಸ್ಥ ಅಸಿಸ್ಟೆಂಟ್‌ಗಳನ್ನೂ ಕಟ್ಟಿಕೊಂಡು ಹೋಗುತ್ತಾರೆ. ಹೆಡ್ ಕೋಚ್‌ನನ್ನು ತೆಗೆದುಹಾಕಿದರೆ ಆ ಅಸಿಸ್ಟೆಂಟ್‌ಗಳೂ ಅದೇ ವಾರ ಬೀದಿಗೆ ಬೀಳುತ್ತಾರೆ. ಸಂಬಳ ಎಷ್ಟು ಎಂದು ಕೇಳುವ ಮುಂಚೆ ಹೆಡ್ ಕೋಚ್‌ನ ಕಾಂಟ್ರ್ಯಾಕ್ಟ್ ಇನ್ನೆಷ್ಟು ವರ್ಷ ಇದೆ ಎಂದು ಕೇಳಬೇಕಾದದ್ದು ಈ ಕಾರಣಕ್ಕೇ.

ಕೆಳಗಿನ ಮೆಟ್ಟಿಲುಗಳಲ್ಲಿ ದುಡ್ಡು ಇಲ್ಲವೆಂದೇ ಇಟ್ಟುಕೊಳ್ಳಿ. ತೊಂಬತ್ತರ ದಶಕದಲ್ಲಂತೂ ಒಂದು ದರ್ಜೆಯ ಅಸಿಸ್ಟೆಂಟ್‌ಗಳಿಗೆ ವರ್ಷಕ್ಕೆ 16,000 ಡಾಲರ್ ಮೀರಿ ಕೊಡಕೂಡದು ಎಂದು ಎನ್‌ಸಿಎಎ ನಿಯಮವನ್ನೇ ಮಾಡಿತ್ತು. ಕೋಚ್‌ಗಳು ಕೋರ್ಟಿಗೆ ಹೋಗಿ ಗೆದ್ದರು. 1999ರಲ್ಲಿ 5.45 ಕೋಟಿ ಡಾಲರ್ ಕೊಟ್ಟು ಎನ್‌ಸಿಎಎ ರಾಜಿ ಮಾಡಿಕೊಂಡಿತು.

ಒಬ್ಬ ಅಸಿಸ್ಟೆಂಟ್ ಬೆಳೆಯುವುದು ಎಲ್ಲಿ ಎಂದರೆ ಸ್ಕೌಟ್ ಕೆಲಸದಲ್ಲಿ. ಎದುರಾಳಿ ತಂಡಗಳನ್ನು ಅಸಿಸ್ಟೆಂಟ್‌ಗಳು ಹಂಚಿಕೊಳ್ಳುತ್ತಾರೆ. ನಿಮ್ಮ ಪಾಲಿನ ತಂಡದ ಹಿಂದಿನ ಐದಾರು ಪಂದ್ಯಗಳನ್ನು ಕೂತು ನೋಡಬೇಕು. ಟೈಮ್‌ಔಟ್ ಮುಗಿದ ಕೂಡಲೇ ಅವರು ಯಾವ ಪ್ಲೇ ಆಡುತ್ತಾರೆ, ಬೇಸ್‌ಲೈನ್‌ನಿಂದ ಚೆಂಡು ಒಳಗೆ ಹಾಕುವಾಗ ಯಾರನ್ನು ಹುಡುಕುತ್ತಾರೆ, ಪಿಕ್ ಅಂಡ್ ರೋಲ್‌ಗೆ (ಚೆಂಡಿರುವವನ ಕಾವಲುಗಾರನಿಗೆ ಜೊತೆಗಾರ ಅಡ್ಡ ನಿಂತು, ಆಮೇಲೆ ಬುಟ್ಟಿಯತ್ತ ಸರಿಯುವ ಆಟ) ಅವರ ಸೆಂಟರ್ ಹಿಂದೆ ಸರಿಯುತ್ತಾನೋ ಮುಂದೆ ನುಗ್ಗುತ್ತಾನೋ ಸ್ವಿಚ್ ಮಾಡಿ ಕಾವಲನ್ನು ಅದಲುಬದಲು ಮಾಡಿಕೊಳ್ಳುತ್ತಾನೋ, ಅವರ ಗಾರ್ಡ್‌ಗೆ ಎಡಗೈ ಡ್ರಿಬಲ್ ಬರುತ್ತದೆಯೋ ಇಲ್ಲವೋ, ಎಲ್ಲವನ್ನೂ ಕ್ಲಿಪ್ ಮಾಡಿಕೊಳ್ಳಬೇಕು. ಇಷ್ಟು ಮಾಡಿದ ಮೇಲೆ ಆಟಗಾರರಿಗೆ ತೋರಿಸುವುದು ಎಂಟು ಹತ್ತು ನಿಮಿಷ ಮಾತ್ರ. ಹೊಸಬರು ಎಡವುವುದು ಇಲ್ಲೇ. ಪಟ್ಟ ಶ್ರಮವೆಲ್ಲ ಕಾಣಲಿ ಎಂದು ನಲವತ್ತು ಕ್ಲಿಪ್ ತೋರಿಸುತ್ತಾರೆ. ಹುಡುಗರು ಅಂಕಣದಲ್ಲಿ ಯೋಚಿಸುತ್ತಾ ನಿಲ್ಲುತ್ತಾರೆ, ಹೆಜ್ಜೆ ಅರ್ಧ ಸೆಕೆಂಡು ತಡವಾಗುತ್ತದೆ, ಅಷ್ಟರಲ್ಲಿ ಎದುರಾಳಿ ಮೂರು ಪಾಯಿಂಟ್ ಹೊಡೆದಿರುತ್ತಾನೆ. ಒಂದು ಪಂದ್ಯಕ್ಕೆ ಮೂರು ಸೂಚನೆ ಸಾಕು. ಯಾವ ಮೂರು ಎಂದು ಆರಿಸಬಲ್ಲವನನ್ನೇ ಹೆಡ್ ಕೋಚ್ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಳ್ಳುತ್ತಾನೆ.

ಹೆಡ್ ಕೋಚ್ ಆದಮೇಲೆ ಕೈಯಲ್ಲಿರುವ ಸಮಯ ತೀರಾ ಕಡಿಮೆ. ಸೀಸನ್‌ನಲ್ಲಿ ವಾರಕ್ಕೆ 20 ಗಂಟೆ, ದಿನಕ್ಕೆ ಗರಿಷ್ಠ 4 ಗಂಟೆ, ವಾರದಲ್ಲಿ ಒಂದು ದಿನ ಪೂರ್ತಿ ರಜೆ ಎಂಬುದು ಎನ್‌ಸಿಎಎ ನಿಯಮ. ಅದಕ್ಕೇ ಅಭ್ಯಾಸವನ್ನು ನಿಮಿಷದ ಲೆಕ್ಕದಲ್ಲಿ ಬರೆದಿಟ್ಟುಕೊಳ್ಳುವುದು. ಯುಸಿಎಲ್‌ಎಯ ಜಾನ್ ವುಡನ್ ಇದನ್ನು ಪುಟ್ಟ ಕಾರ್ಡ್‌ಗಳ ಮೇಲೆ ಬರೆದುಕೊಳ್ಳುತ್ತಿದ್ದರು. ಸಾಕ್ಸ್ ಹಾಕಿಕೊಳ್ಳುವುದು ಹೇಗೆ ಎಂಬುದನ್ನೂ ಕಲಿಸುತ್ತಿದ್ದರು, ಏಕೆಂದರೆ ಸಾಕ್ಸ್ ಸುಕ್ಕಾದರೆ ಕಾಲಲ್ಲಿ ಬೊಬ್ಬೆ ಏಳುತ್ತದೆ, ಬೊಬ್ಬೆ ಎದ್ದವನು ಅಭ್ಯಾಸ ತಪ್ಪಿಸುತ್ತಾನೆ. ಅಭ್ಯಾಸದ ಕೊನೆಯ ಹತ್ತು ನಿಮಿಷವನ್ನು ಗಡಿಯಾರದ ಆಟಕ್ಕೆ ಮೀಸಲಿಡುವವರು ನನಗೆ ಹೆಚ್ಚು ಇಷ್ಟ. ಉದಾಹರಣೆಗೆ, ಶಾಟ್ ಕ್ಲಾಕ್ 30 ಸೆಕೆಂಡು, ಅಂದರೆ ಚೆಂಡು ಸಿಕ್ಕ ತಂಡ ಅಷ್ಟರೊಳಗೆ ಶೂಟ್ ಮಾಡಬೇಕು. ಪಂದ್ಯದ ಮೊದಲರ್ಧ ಮುಗಿಯಲು 36ರಿಂದ 40 ಸೆಕೆಂಡು ಇರುವಾಗ ನಾವು ಶೂಟ್ ಮಾಡಿದರೆ, ಎದುರಾಳಿ ತನ್ನ 30 ಸೆಕೆಂಡು ಪೂರ್ತಿ ಬಳಸಿದರೂ ಕೊನೆಯ ಚೆಂಡು ನಮಗೇ. ಆದರೆ ಅವಸರಕ್ಕೆ ಬಿದ್ದು ಕೆಟ್ಟ ಶಾಟ್ ಹೊಡೆದರೆ ಈ ಲಾಭವೆಲ್ಲ ಸೋರಿಹೋಗುತ್ತದೆ. ಹೇಳಿಕೊಟ್ಟರೆ ಸಾಲದು, ಆಡಿಸಿ ಆಡಿಸಿ ಕಲಿಸಬೇಕು.

ಇನ್ನು ಮೊದಲ ಹೆಡ್ ಕೋಚ್ ಕೆಲಸ. ಇದಕ್ಕೆ ಹಾತೊರೆಯುವವರು ಸಿಕ್ಕಿದ್ದಕ್ಕೆ ಸಹಿ ಹಾಕಿಬಿಡುತ್ತಾರೆ. ಸಹಿಗೆ ಮುಂಚೆ ಕೇಳಬೇಕಾದ ಪ್ರಶ್ನೆಗಳಿವೆ. ಸಣ್ಣ ಕಾಲೇಜುಗಳು ನವೆಂಬರ್, ಡಿಸೆಂಬರ್‌ನಲ್ಲಿ ದೊಡ್ಡ ವಿಶ್ವವಿದ್ಯಾಲಯಗಳ ಅಂಕಣಕ್ಕೆ ಹೋಗಿ ಆಡಿ, ಸಾಮಾನ್ಯವಾಗಿ ಸೋತು, ಅದಕ್ಕೆ ಹಣ ಪಡೆದು ಬರುತ್ತವೆ. ಆ ಹಣದಿಂದಲೇ ಕ್ರೀಡಾ ವಿಭಾಗದ ಖರ್ಚು ನಡೆಯುವುದುಂಟು. ಇಂಥ ಪಂದ್ಯಗಳು ವರ್ಷಕ್ಕೆ ಎಷ್ಟು? ಆರೇಳು ಇದ್ದರೆ ತಮ್ಮ ಲೀಗ್ ಶುರುವಾಗುವ ಮುಂಚೆಯೇ ಕೋಚ್‌ನ ದಾಖಲೆ ನೆಲ ಕಚ್ಚಿರುತ್ತದೆ. ಅಸಿಸ್ಟೆಂಟ್‌ಗಳ ಸಂಬಳಕ್ಕೆ ಒಟ್ಟು ಎಷ್ಟು ಇಟ್ಟಿದ್ದಾರೆ? ಕಮ್ಮಿ ಇದ್ದರೆ ಹೊಸ ಆಟಗಾರರನ್ನು ಒಲಿಸಿ ತರಬಲ್ಲ ಒಳ್ಳೆಯ ರಿಕ್ರೂಟರ್ ಬರುವುದಿಲ್ಲ. ದೂರದ ಪಂದ್ಯಗಳಿಗೆ ಬಸ್ಸೋ ವಿಮಾನವೋ? ತೆಗೆದುಹಾಕಿದರೆ ಕಾಲೇಜು ಎಷ್ಟು ಕೊಡಬೇಕು, ನಡುವೆ ಬಿಟ್ಟುಹೋದರೆ ಕೋಚ್ ಎಷ್ಟು ಕಟ್ಟಬೇಕು? ಹಿಂದಿನ ಮೂವರು ಕೋಚ್‌ಗಳೂ ಅಲ್ಲಿ ಸೋತು ಹೋಗಿದ್ದರೆ ದೋಷ ಕೋಚ್‌ಗಳದ್ದಾಗಿರುವ ಸಾಧ್ಯತೆ ಕಮ್ಮಿ.

ಹಿಂದೆ ಕಾಯುವ ಆಡಳಿತ ಇತ್ತು. ವುಡನ್‌ಗೆ ಯುಸಿಎಲ್‌ಎಯಲ್ಲಿ ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದದ್ದು 16ನೇ ಸೀಸನ್‌ನಲ್ಲಿ, 1964ರಲ್ಲಿ. ಆಮೇಲೆ ಇನ್ನೂ ಒಂಬತ್ತು ಬಂದವು. ಮೈಕ್ ಶಶೆವ್‌ಸ್ಕಿ ಡ್ಯೂಕ್‌ನಲ್ಲಿ ಮೊದಲ ಮೂರು ವರ್ಷ 38 ಗೆದ್ದು 47 ಸೋತಿದ್ದರು. ಕ್ರೀಡಾ ನಿರ್ದೇಶಕ ಟಾಮ್ ಬಟರ್ಸ್ ಅವರನ್ನು ಉಳಿಸಿಕೊಂಡರು, ಮುಂದೆ ಐದು ಪ್ರಶಸ್ತಿಗಳು ಬಂದವು. ಈಗ ಆ ತಾಳ್ಮೆ ಇಲ್ಲ, ಅದಕ್ಕೆ ಕಾರಣವೂ ಇದೆ. 2021ರಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ದುಡಿಯಬಹುದು, ಮೊದಲಿನಂತೆ ಒಂದು ವರ್ಷ ಹೊರಗೆ ಕೂರದೆ ಕಾಲೇಜು ಬದಲಿಸಬಹುದು. 2025ರಿಂದ ಕಾಲೇಜುಗಳೇ ನೇರವಾಗಿ ಹಣ ಹಂಚಬಹುದು. ಹಾಗಾಗಿ ಸೀಸನ್ ಮುಗಿದ ಕೂಡಲೇ ತಂಡವನ್ನು ಬಹುಪಾಲು ಹೊಸದಾಗಿ ಕಟ್ಟಬೇಕು. ನಾಲ್ಕು ವರ್ಷ ಸಾಕಿ ಬೆಳೆಸಿದ ಹುಡುಗರಿಂದ ಗೆಲ್ಲುವ ಹಳೆಯ ಕ್ರಮವನ್ನು ಈಗ ನೆಚ್ಚಿಕೊಳ್ಳುವಂತಿಲ್ಲ. ವರ್ಜೀನಿಯಾಕ್ಕೆ 2019ರಲ್ಲಿ ಪ್ರಶಸ್ತಿ ತಂದುಕೊಟ್ಟ ಟೋನಿ ಬೆನೆಟ್ 2024ರ ಅಕ್ಟೋಬರ್‌ನಲ್ಲಿ, ಸೀಸನ್ ಇನ್ನೇನು ಶುರುವಾಗಬೇಕು ಎನ್ನುವಾಗ, ಈ ಬದಲಾದ ವಾತಾವರಣಕ್ಕೆ ತಾನು ಸರಿಯಾದ ವ್ಯಕ್ತಿಯಲ್ಲ ಎಂದು ಹೇಳಿ ಬಿಟ್ಟುಹೋದರು. ನನಗೆ ಇದು ನಿಜಕ್ಕೂ ಬೇಸರ ತರಿಸಿದ ಸಂಗತಿ.

ಅಸಿಸ್ಟೆಂಟ್ ಆಗದೆ ಹೋಗುವ ದಾರಿಯೂ ಇದೆ. ಜಾನ್ ಬೀಲೈನ್ ಪ್ರೌಢಶಾಲೆಯಿಂದ ಶುರುಮಾಡಿ ಕಮ್ಯೂನಿಟಿ ಕಾಲೇಜು (ಎರಡು ವರ್ಷದ ಕಾಲೇಜು), ಸಣ್ಣ ಕಾಲೇಜು, ಆಮೇಲೆ ಕನಿಷಿಯಸ್, ರಿಚ್ಮಂಡ್, ವೆಸ್ಟ್ ವರ್ಜೀನಿಯಾ ಎಂದು ಪ್ರತಿ ಹಂತದಲ್ಲೂ ಹೆಡ್ ಕೋಚ್ ಆಗಿಯೇ ಏರಿ, ಮಿಶಿಗನ್ ತಂಡವನ್ನು 2013 ಮತ್ತು 2018ರಲ್ಲಿ ಫೈನಲ್‌ಗೆ ಒಯ್ದರು. ನಿರ್ಧಾರಗಳ ಹೊಣೆ ಮೊದಲ ದಿನದಿಂದಲೇ ತಲೆಯ ಮೇಲೆ ಇರುವುದರಿಂದ ಕಲಿಕೆ ಬೇಗ ಆಗುತ್ತದೆ. ದೊಡ್ಡ ಕಾಲೇಜುಗಳ ಕಣ್ಣಿಗೆ ಬೀಳುವುದು ಮಾತ್ರ ತಡ.

ನಮ್ಮಲ್ಲಿ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು ಒಬ್ಬರೇ ಎಲ್ಲ ಆಟಗಳನ್ನೂ ನೋಡಿಕೊಳ್ಳುತ್ತಾರೆ. ಆ ಅನುಭವ ಅಲ್ಲಿ ನೇರವಾಗಿ ಲೆಕ್ಕಕ್ಕೆ ಬರುವುದಿಲ್ಲ. ಎಂಎಸ್‌ಗೆ ಹೊರಟಿರುವವರಿಗೆ ಹತ್ತಿರದ ಬಾಗಿಲು ಸ್ಟೂಡೆಂಟ್ ಮ್ಯಾನೇಜರ್ ಅಥವಾ ಗ್ರ್ಯಾಜುಯೇಟ್ ಅಸಿಸ್ಟೆಂಟ್ ಕೆಲಸವೇ. ಪುರುಷರ ತಂಡ ಸಿಗದಿದ್ದರೆ ಮಹಿಳಾ ತಂಡದ ಕಚೇರಿಗೂ ಬರೆಯಿರಿ. ಕೋಡಿಂಗ್ ಬರುವವರು ಎದುರಾಳಿಯೊಬ್ಬರ ಐದು ಪಂದ್ಯಗಳ ಅಂಕಿಅಂಶವನ್ನು ಒಂದೇ ಪುಟಕ್ಕೆ ಇಳಿಸಿ ಪತ್ರದ ಜೊತೆ ಕಳಿಸಿದರೆ ಓದುತ್ತಾರೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್‌ನಲ್ಲಿ ವಾರಕ್ಕೆ 20 ಗಂಟೆ ಮೀರಿ ಕೆಲಸ ಮಾಡುವಂತಿಲ್ಲ, ತಂಡದ ಕೆಲಸವೋ ಸುಲಭವಾಗಿ ಅದನ್ನು ಮೀರುತ್ತದೆ. ಸೇರುವ ಮುಂಚೆ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೇಳಿ, ಗಂಟೆಗಳ ಲೆಕ್ಕವನ್ನು ಬರಹದಲ್ಲೇ ಪಡೆದುಕೊಳ್ಳಿ.